ಠಾಕುರ್ಲಿಯಿಂದ ಎಂಟು ಕಾಲಿನ ಊರಿಗೆ

ಠಾಕುರ್ಲಿ ಸ್ಟೇಷನ್ನಿನಲ್ಲಿ ಇಳಿಯುವವರಿಗಿಂತ ಹಾದುಹೋಗುವವರೇ ಜಾಸ್ತಿ. ಈಚೆಗೆ ಡೊಂಬಿವಲಿ, ಆಚೆಗೆ ಕಲ್ಯಾಣ. ನಡುವೆ ಸಿಕ್ಕಿಕೊಂಡ ನಮ್ಮನ್ನು ಫಾಸ್ಟ್ ಗಾಡಿಗಳು ಕಂಡೂ ಕಾಣದ ಹಾಗೆ ಧೂಳೆಬ್ಬಿಸಿಕೊಂಡು ಹೋಗುತ್ತವೆ. ಊರಿನಿಂದ ಫೋನು ಬಂದಾಗ ‘ಮುಂಬಯಿಯಲ್ಲಿ ಎಲ್ಲಿ ಆಯ್ತು ನಿಮ್ಮದು?’ ಎಂದು ಕೇಳಿದರೆ ನಾನೂ ಇಪ್ಪತ್ತು ವರ್ಷಗಳಿಂದ ‘ಡೊಂಬಿವಲಿ ಹತ್ತಿರ’ ಎಂದೇ ಹೇಳಿಕೊಂಡು ಬಂದವ. ಡೊಂಬಿವಲಿ ಕರ್ನಾಟಕ ಸಂಘದ ಮಂಜುನಾಥ ಕಾಲೇಜು ನಮ್ಮ ಠಾಕುರ್ಲಿಯಲ್ಲೇ ಇದೆ. ಅದರ ಹೆಸರಿನಲ್ಲೂ ಡೊಂಬಿವಲಿಯೇ ಮುಂದೆ.

ಆದರೆ ವಿದ್ಯುತ್ತಿನ ವಿಷಯಕ್ಕೆ ಬಂದರೆ ಈ ಸಣ್ಣ ಸ್ಟೇಷನ್ನು ಎದೆ ಉಬ್ಬಿಸಿ ನಿಲ್ಲಬಹುದು. 1925ರ ಫೆಬ್ರವರಿ 3ರಂದು ಬೋರಿಬಂದರಿನ ವಿಕ್ಟೋರಿಯಾ ಟರ್ಮಿನಸ್ಸಿನಿಂದ ಕುರ್ಲಾಕ್ಕೆ ದೇಶದ ಮೊದಲ ವಿದ್ಯುತ್ ರೈಲು ಓಡಿತಲ್ಲ, ಆಮೇಲೆ ಕಲ್ಯಾಣದಿಂದಾಚೆ ಘಾಟಿ ಹತ್ತುವ ಗಾಡಿಗಳಿಗೂ ಕರೆಂಟು ಬೇಕಾಯಿತು. ಅದನ್ನು ತಯಾರಿಸಲೆಂದು ಜಿಐಪಿ ರೈಲ್ವೆಯವರು 1929ರಲ್ಲಿ ಕಲ್ಲಿದ್ದಲು ಉರಿಸುವ ಪವರ್ ಹೌಸ್ ಕಟ್ಟಿದ್ದು ಇಲ್ಲಿ, ಚೋಳಾದಲ್ಲಿ. ಈಗ ಅದು ತಣ್ಣಗಾಗಿ ಎಷ್ಟೋ ಕಾಲವಾಯಿತು. ಹಳಬರು ಇನ್ನೂ ರಿಕ್ಷಾದವರಿಗೆ ‘ಪವರ್ ಹೌಸ್’ ಎಂದೇ ದಾರಿ ಹೇಳುತ್ತಾರೆ. ಆ ಹೆಸರು ಕೇಳಿಸಿಕೊಂಡು ಇಷ್ಟು ವರ್ಷ ಓಡಾಡಿದ ನನಗೆ ವಿದ್ಯುತ್ತಿನ ಬಗ್ಗೆ ಇದ್ದ ಜ್ಞಾನ ಬಿಲ್ಲು ಕಟ್ಟುವಷ್ಟೇ. ನಾನು ಲೆಕ್ಕ ಬರೆಯುವವ.

ಹಾಗಿರುವಾಗ ಎಂಟನೇ ಕ್ಲಾಸಿನ ಮಗಳು ಶಾಲೆಯ ವಿಜ್ಞಾನ ಪ್ರದರ್ಶನಕ್ಕೆಂದು ಒಂದು ಚೀಟಿ ತಂದು ನನ್ನ ಮುಂದಿಟ್ಟಳು. ‘ಅಪ್ಪ, ಟೈಮರ್ ಕಿಟ್ ಬೇಕು. ಟ್ರಿಪಲ್ ಫೈವ್ ಇರುವಂಥದ್ದು.’

ಟ್ರಿಪಲ್ ಫೈವ್ ಎಂದರೆ ನನಗೆ ನೆನಪಾದದ್ದು ನಮ್ಮೂರಿಗೆ ಗಲ್ಫಿನಿಂದ ಬರುತ್ತಿದ್ದವರ ಸಿಗರೇಟು ಪ್ಯಾಕು. ಹಾಗೆಂದು ಹೇಳಲಿಲ್ಲ. ‘ಎಲ್ಲಿ ಸಿಗ್ತದಂತೆ?’ ಎಂದೆ. ಸ್ಟೇಷನ್ ರಸ್ತೆಯ ಮೊಬೈಲ್ ರಿಪೇರಿಯವ ಚೀಟಿ ನೋಡಿ ಒಂದೇ ಮಾತು ಹೇಳಿದ: ‘ಲ್ಯಾಮಿಂಗ್ಟನ್.’

ಶನಿವಾರ ಬೆಳಿಗ್ಗೆ ಹೊರಟೆವು. ಭಾನುವಾರ ಅಲ್ಲಿ ಅಂಗಡಿಗಳು ಮುಚ್ಚಿರುತ್ತವೆ. ಸ್ಲೋ ಲೋಕಲ್ ಕಲ್ಯಾಣದಿಂದ ಬಂತು. ಕಿಟಕಿ ಪಕ್ಕದ ಸೀಟುಗಳೆಲ್ಲ ಅಲ್ಲಿನವರ ಪಾಲಾಗಿದ್ದವು, ನಡುವೆ ನಿಲ್ಲಲು ಬೇಕಾದಷ್ಟು ಜಾಗ ಇತ್ತು. ಡೊಂಬಿವಲಿಯಲ್ಲಿ ಒಮ್ಮೆಗೇ ಪ್ರವಾಹ ನುಗ್ಗಿತು. ಮಗಳನ್ನು ಎರಡು ಸೀಟುಗಳ ನಡುವಿನ ಸಂದಿಗೆ ತಳ್ಳಿ ನಾನು ಅಡ್ಡ ನಿಂತೆ. ಕೋಪರ್, ದಿವಾ, ಮುಂಬ್ರಾ, ಕಳವಾ. ಎಡಕ್ಕೆ ಗುಡ್ಡ, ಬಲಕ್ಕೆ ಖಾಡಿಯ ಕೆಸರು ನೀರು, ಬಾಗಿಲಲ್ಲಿ ನೇತಾಡುವ ಕೈಗಳು. ಪ್ರತಿ ಸ್ಟೇಷನ್ನಿನಲ್ಲೂ ಪ್ಲಾಟ್‌ಫಾರ್ಮಿನ ಜನ ಅದೇ ಉತ್ಸಾಹದಿಂದ ತಳ್ಳುತ್ತಿದ್ದರು. ಒಳಗೆ ಬರಲು ಆಗುತ್ತಿದ್ದದ್ದು ಮಾತ್ರ ಪ್ರತಿ ಸಲ ಹಿಂದಿನದಕ್ಕಿಂತ ಕಡಿಮೆ. ಡೊಂಬಿವಲಿಯಲ್ಲಿ ನಲವತ್ತು ಜನ ಹತ್ತಿದ ಬಾಗಿಲಲ್ಲಿ ದಿವಾದಲ್ಲಿ ಹತ್ತು, ಮುಂಬ್ರಾದಲ್ಲಿ ನಾಲ್ಕು. ಒಳಗಿರುವವರೇ ಹೊರಗಿನವರನ್ನು ಎದೆಯೊಡ್ಡಿ ತಡೆಯುತ್ತಾರೆ. ತುಂಬಿದಷ್ಟೂ ತುಂಬುವುದು ನಿಧಾನ. ಆದರೂ ಠಾಣೆಯಲ್ಲಿ ಇನ್ನಿಬ್ಬರು ಹತ್ತಿದರು. ನಮ್ಮ ಲೋಕಲಿಗೆ ‘ಪೂರ್ತಿ ತುಂಬಿತು’ ಎನ್ನುವ ಗಳಿಗೆಯೇ ಇಲ್ಲ. ತುಂಬುವಿಕೆಯ ಹತ್ತಿರ ಹತ್ತಿರ ಹೋಗುತ್ತಲೇ ಇರುತ್ತದೆ, ಮುಟ್ಟುವುದಿಲ್ಲ. ಇದನ್ನು ಆ ದಿನ ಸುಮ್ಮನೆ ಬೆವರುತ್ತಾ ನೋಡಿದೆ. ಮರುದಿನ ಅಡುಗೆಮನೆ ಮೇಜಿನ ಮೇಲೆ ಇದೇ ದೃಶ್ಯ ಒಂದು ಬೆರಳಿನಷ್ಟು ಡಬ್ಬಿಯೊಳಗೆ ಮತ್ತೆ ನಡೆಯುವುದಿದೆ ಎಂದು ಗೊತ್ತಿರಲಿಲ್ಲ.

ದಾದರಿನಲ್ಲಿ ನಾವು ಇಳಿಯಲಿಲ್ಲ, ಇಳಿಸಲ್ಪಟ್ಟೆವು. ಅರ್ಧ ನಿಮಿಷದೊಳಗೆ ಡಬ್ಬಿಯ ಮುಕ್ಕಾಲು ಪಾಲು ಖಾಲಿ. ಸೇತುವೆ ಹತ್ತಿ ಪಶ್ಚಿಮ ರೈಲ್ವೆಯ ಕಡೆಗೆ ಹೋಗುವಾಗ ಇಂಡಿಕೇಟರಿನ ಗಡಿಯಾರ ನೋಡಿ ಮಗಳು ತನ್ನ ವಾಚು ಎರಡು ನಿಮಿಷ ಹಿಂದಿದೆ ಎಂದಳು. ಎರಡು ನಿಮಿಷ ಏನು ಮಹಾ, ಈ ಪಟ್ಟಣ 39 ನಿಮಿಷ ಹಿಂದೆ ಇದ್ದುಕೊಂಡು ಅರ್ಧ ಶತಮಾನ ಹಟ ಹಿಡಿದಿತ್ತು ಎಂದೆ. 1906ರ ಜನವರಿ 1ರಂದು ದೇಶಕ್ಕೆಲ್ಲ ಒಂದೇ ಸಮಯ ಎಂದು ಸರಕಾರ ಹೇಳಿದರೂ ಮುಂಬಯಿಯವರು ತಮ್ಮ ಬಾಂಬೆ ಟೈಮನ್ನು ಬಿಡಲಿಲ್ಲ. 1955ರ ವರೆಗೂ ಅದು ಉಸಿರಾಡಿಕೊಂಡಿತ್ತು. ‘ಹಾಗಾದ್ರೆ ಸರಿಯಾದ ಸಮಯ ಯಾವುದು?’ ಎಂದಳು. ಅಷ್ಟರಲ್ಲಿ ಚರ್ಚ್‌ಗೇಟ್ ಗಾಡಿ ಬಂತು, ನಾನು ಬಚಾವಾದೆ.

ಪ್ರಭಾದೇವಿ, ಲೋವರ್ ಪರೇಲ್, ಮಹಾಲಕ್ಷ್ಮಿ, ಮುಂಬಯಿ ಸೆಂಟ್ರಲ್, ಗ್ರಾಂಟ್ ರೋಡ್. ಪೂರ್ವಕ್ಕೆ ಇಳಿದು ಸ್ವಲ್ಪ ನಡೆದರೆ ಲ್ಯಾಮಿಂಗ್ಟನ್ ರೋಡು. 1903ರಿಂದ 1907ರ ವರೆಗೆ ಬಾಂಬೆಯ ಗವರ್ನರ್ ಆಗಿದ್ದ ಲಾರ್ಡ್ ಲ್ಯಾಮಿಂಗ್ಟನ್ನನ ಹೆಸರು ಅದು. ಈಗ ಬೋರ್ಡಿನ ಮೇಲೆ ಡಾ. ದಾದಾಸಾಹೇಬ್ ಭಡಕಮಕರ್ ಮಾರ್ಗ ಎಂದಿದೆ, ಬಾಯಿಯಲ್ಲಿ ಇನ್ನೂ ಹಳತೇ. ‘ಶೋಲೆ’ ಐದು ವರ್ಷಕ್ಕೂ ಮಿಕ್ಕಿ ಓಡಿದ ಮಿನರ್ವಾ ಟಾಕೀಸು ಇದ್ದದ್ದು ಇದೇ ರಸ್ತೆಯಲ್ಲಿ.

ನಾನು ಮಾರ್ಕೆಟ್ಟು ನೋಡದವನಲ್ಲ. ದಾದರಿನ ಹೂವಿನ ಸಂತೆ, ಮಸೀದಿ ಬಂದರಿನ ಒಣಮೆಣಸಿನ ಘಾಟು, ಎಲ್ಲ ಕಂಡಿದ್ದೇನೆ. ಇಲ್ಲಿನದು ಬೇರೆಯೇ ಲೋಕ. ಒಂದಾಳು ಅಗಲದ ಓಣಿ; ಎರಡೂ ಕಡೆ ಚಾಪೆಯಷ್ಟು ಜಾಗದ ಅಂಗಡಿಗಳು; ಗೋಡೆ ತುಂಬ ಬೆಂಕಿಪೊಟ್ಟಣ ಗಾತ್ರದ ಡ್ರಾವರುಗಳು, ಆಯುರ್ವೇದ ಪಂಡಿತರ ಮನೆಯ ಹಾಗೆ. ಕಾಗದದ ಪಟ್ಟಿಗೆ ಅಂಟಿಸಿದ ರೆಸಿಸ್ಟರುಗಳು ಮಾಲೆಪಟಾಕಿಯಂತೆ ನೇತಾಡುತ್ತಿದ್ದವು. ಗುಲಗಂಜಿಯಂಥ ಕೆಂಪು ಎಲ್‌ಇಡಿಗಳನ್ನು ಒಬ್ಬ ಪಾವಿನಲ್ಲಿ ಅಳೆದಂತೆ ಬೊಗಸೆಯಲ್ಲಿ ಎತ್ತಿ ಚೀಲಕ್ಕೆ ಸುರಿದ. ತೂಕಕ್ಕೆ ಕೊಡುತ್ತಾರೋ ಲೆಕ್ಕಕ್ಕೋ ತಿಳಿಯಲಿಲ್ಲ.

‘ಟ್ರಿಪಲ್ ಫೈವ್? ಕಿತನಾ? ಸೌ?’ ಎಂದ ಅಂಗಡಿಯವ, ತಲೆ ಎತ್ತದೆ.

‘ಏಕ್’ ಎನ್ನುವಾಗ ನನಗೆ ನಾಚಿಕೆಯಾಯಿತು. ಮಗಳು ಚೀಟಿ ಮುಂದಿಟ್ಟಳು. ಅವ ಈಗ ತಲೆ ಎತ್ತಿದ. ಮಗುವಿನ ಮುಖ ನೋಡಿದ್ದೇ ಮನುಷ್ಯ ಬೇರೆಯಾದ. ಕಿಟ್ಟಿನ ಪೊಟ್ಟಣ ತೆಗೆದು ಕೌಂಟರಿನ ಮೇಲೆ ಒಂದೊಂದೇ ಸಾಮಾನು ಹರಡಿ ಲೆಕ್ಕ ಒಪ್ಪಿಸಿದ. ಹಸಿರು ಬೋರ್ಡು. ಒತ್ತುವ ಗುಂಡಿ. ಹಳದಿ, ನೇರಳೆ, ಕಂದು ಪಟ್ಟೆಯ ಒಂದು ರೆಸಿಸ್ಟರು, ಅಂದರೆ 470 ಓಮ್. 1 ಮೆಗಾಓಮಿನ ತನಕ ತಿರುಗಿಸಬಹುದಾದ ಪಾಟ್. ನೀಲಿ ಅಂಗಿ ತೊಟ್ಟ 100 ಮೈಕ್ರೋಫ್ಯಾರಡ್ ಕೆಪಾಸಿಟರು. ಕೊನೆಗೆ ಅವನು. ಅಕ್ಕಿಕಾಳು ನಾಲ್ಕನ್ನು ಒತ್ತಿಟ್ಟಷ್ಟು ಗಾತ್ರದ ಕಪ್ಪು ಹುಳು, ಎರಡು ಬದಿಗೆ ನಾಲ್ಕು ನಾಲ್ಕು ಬೆಳ್ಳಿಯ ಕಾಲು.

‘ಜೇಡಕ್ಕೂ ಎಂಟೇ ಕಾಲು ಅಪ್ಪ’ ಎಂದಳು ಮಗಳು.

ಒಂದು ಬೆಸುಗೆ ಕಡ್ಡಿ, ಬೆಸುಗೆ ತಂತಿ, 9 ವೋಲ್ಟಿನ ಬ್ಯಾಟರಿ, ನಮ್ಮೂರ ಜಾತ್ರೆಯ ಆಟಿಕೆಯಂಥ ಹಳದಿ ಬಣ್ಣದ ಅಗ್ಗದ ಮಲ್ಟಿಮೀಟರು, ಎಲ್ಲ ಸೇರಿ ಆದ ಖರ್ಚಿನ ಎದುರು ಆ ಕಪ್ಪು ಹುಳುವಿನ ಪಾಲು ಒಂದು ಕಟಿಂಗ್ ಚಹಾದಷ್ಟು.

ಹೊಟ್ಟೆ ಹಸಿದಿತ್ತು. ಹತ್ತಿರದ ಒಂದು ಉಡುಪಿ ಹೋಟೆಲಿಗೆ ನುಗ್ಗಿದೆವು. ನಾವು ಮಾತಾಡುವುದು ಕಿವಿಗೆ ಬಿದ್ದದ್ದೇ ಗಲ್ಲಾದಲ್ಲಿ ಕೂತವರು ‘ಊರಲ್ಲಿ ಎಲ್ಲಿ ಆಯ್ತು?’ ಎಂದರು. ಹೆಬ್ರಿ ಎಂದೆ. ತುಳು ಶುರುವಾಯಿತು. ಮಗಳು ತಟ್ಟೆಯ ಇಡ್ಲಿಯನ್ನು ಒತ್ತಿ ನೋಡಿ ಇದು ಬೇಯಲು ಎಷ್ಟು ಹೊತ್ತು ಬೇಕು ಎಂದು ವಿಚಾರಿಸಿದಳು. ‘ಹತ್ತು ನಿಮಿಷ ಮಗಾ. ಆದರೆ ನಮ್ಮ ಭಟ್ರು ಗಡಿಯಾರ ನೋಡುವುದಿಲ್ಲ, ಆವಿಯ ಪರಿಮಳ ಬದಲಾಗ್ತದೆ, ಅವರಿಗೆ ಗೊತ್ತಾಗ್ತದೆ.’ ಆಗಲೇ ಅವಳು ನಿರ್ಧರಿಸಿಬಿಟ್ಟಿದ್ದಳು: ನಮ್ಮದು ಇಡ್ಲಿ ಟೈಮರ್.

ಹಿಂದೆ ಬರುವಾಗ ದಾದರಿನಿಂದ ಸೀಟು ಸಿಕ್ಕಿತು. ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದವಳು ವಿಕ್ರೋಳಿ ದಾಟುವಾಗ ಕೇಳಿದಳು: ‘ಬ್ಯಾಟರಿ ಹಳತಾದ್ರೆ ಟೈಮರ್ ನಿಧಾನ ಆಗ್ತದಾ ಅಪ್ಪ? ಹತ್ತು ನಿಮಿಷ ಅಂತ ಹನ್ನೆರಡು ನಿಮಿಷ ಮಾಡಿದ್ರೆ?’

‘ಆಗಿಯೇ ಆಗ್ತದೆ’ ಎಂದೆ, ಗೊತ್ತಿದ್ದವರ ಗತ್ತಿನಲ್ಲಿ. ‘ನಮ್ಮ ಗೋಡೆ ಗಡಿಯಾರ ಸೆಲ್ ಮುಗಿಯುವಾಗ ಕುಂಟುವುದಿಲ್ವಾ? ಶಕ್ತಿ ಕಡಿಮೆಯಾದ್ರೆ ಯಾವುದಾದರೂ ನಿಧಾನವೇ.’ ಅವಳು ತಲೆಯಾಡಿಸಿ ಒಪ್ಪಿಕೊಂಡಳು.

ಭಾನುವಾರ ಬೆಳಿಗ್ಗೆ ಅಡುಗೆಮನೆಯ ಮೇಜು ನಮ್ಮದಾಯಿತು. ಹೆಂಡತಿ ಹಳೆಯ ‘ಕರ್ನಾಟಕ ಮಲ್ಲ’ ಪತ್ರಿಕೆ ಹಾಸಿ, ‘ಸುಟ್ಟರೆ ಪೇಪರೇ ಸುಡಲಿ’ ಎಂದು ಆಚೆ ಹೋದಳು. ಕಡ್ಡಿ ಕಾಯಿತು. ತಂತಿಯ ತುದಿ ತಾಗಿದ ಕ್ಷಣ ಅದು ಬೆಳ್ಳಿಯ ಹನಿಯಾಗಿ ಓಡಿ ಕಾಲಿನ ಸುತ್ತ ನಿಂತುಕೊಂಡಿತು; ರಾಳದ ಹೊಗೆ ಎದ್ದು ದೇವಸ್ಥಾನದ ಧೂಪ ನೆನಪಾಯಿತು. ಮೊದಲ ನಾಲ್ಕು ಬೆಸುಗೆ ಹಿಕ್ಕೆಯಂತೆ ಮಂಕಾಗಿ ಕೂತವು. ಮಂಕಾದರೆ ಒಳಗೆ ಹಿಡಿದಿಲ್ಲವೆಂದು ಅರ್ಥ; ಕಾಲೂ ಬೋರ್ಡಿನ ತಾಮ್ರವೂ ಎರಡೂ ಬಿಸಿಯಾದ ಮೇಲೆ ತಂತಿ ತಾಗಿಸಬೇಕು, ತಂತಿಯನ್ನು ಕರಗಿಸಿ ತಂದು ಅಂಟಿಸುವುದಲ್ಲ. ಐದನೆಯದರಿಂದ ಅವಳ ಕೈ ಕೂತಿತು. ನನ್ನದು ಕೊನೆಗೂ ಕೂರಲಿಲ್ಲ.

ಕಪ್ಪು ಹುಳುವಿನ ಬೆನ್ನಿನ ಒಂದು ತುದಿಯಲ್ಲಿ ಅರ್ಧಚಂದ್ರದ ಕಚ್ಚು ಇರುತ್ತದೆ. ಅದನ್ನು ಮೇಲಕ್ಕೆ ಹಿಡಿದರೆ ಎಡಗಡೆ ಮೊದಲನೆಯದು 1ನೇ ಕಾಲು. ಅಲ್ಲಿಂದ ಕೆಳಗಿಳಿದು ಆಚೆ ದಡ ಹತ್ತಿ ಬಂದರೆ 8. ಇಷ್ಟು ಗೊತ್ತಾದ ಮೇಲೆ ಒಳಗೆ ಏನಿದೆ ಎಂದು ನೋಡುವ ಆಸೆ ಹುಟ್ಟಿತು. ನನ್ನ ಪ್ರವಾಸ ನಿಜವಾಗಿ ಶುರುವಾದದ್ದು ಇಲ್ಲಿಂದ.

ಈ ಊರನ್ನು ಕಟ್ಟಿದವನ ಹೆಸರು ಹಾನ್ಸ್ ಕಾಮೆನ್‌ಝಿಂಡ್. ಜೂರಿಕ್‌ನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದವನು. 1971ರಲ್ಲಿ ಸಿಗ್ನೆಟಿಕ್ಸ್ ಎಂಬ ಕಂಪನಿಗಾಗಿ ಒಬ್ಬನೇ ಕೂತು ಇದನ್ನು ರೂಪಿಸಿದ. ಮೊದಲ ಯೋಜನೆಗೆ 9 ಕಾಲು ಬೇಕಾಗಿತ್ತಂತೆ. ಕೆಪಾಸಿಟರನ್ನು ಒಂದೇ ಹದದ ಕರೆಂಟಿನಿಂದ ತುಂಬುವ ಏರ್ಪಾಟನ್ನು ಕಿತ್ತುಹಾಕಿ ಬರೀ ಒಂದು ರೆಸಿಸ್ಟರಿನ ಮೂಲಕ ತುಂಬಿದರೂ ಸಾಕು ಎಂದು ಹೊಳೆದ ಮೇಲೆ ಒಂದು ಕಾಲು ಉಳಿಯಿತು, ಹುಳು ಸಣ್ಣ ಪೊಟ್ಟಣದಲ್ಲಿ ಕೂತಿತು. ಆಗ ಕಂಪ್ಯೂಟರಿನಲ್ಲಿ ನಕ್ಷೆ ಬಿಡಿಸುವ ಸೌಕರ್ಯ ಇರಲಿಲ್ಲ. ಕೆಂಪು ಪ್ಲಾಸ್ಟಿಕ್ ಹಾಳೆಯನ್ನು ಚೂರಿಯಿಂದ ಕೈಯಾರೆ ಕತ್ತರಿಸಿ ಆತ ನಕ್ಷೆ ಮಾಡಿದ. ಅದನ್ನು ಫೋಟೋದಲ್ಲಿ ಕುಗ್ಗಿಸಿ ಸಿಲಿಕಾನಿನ ಮೇಲೆ ಅಚ್ಚು ಹಾಕಿದರು. 1972ರಲ್ಲಿ ಮಾರುಕಟ್ಟೆಗೆ ಬಂದದ್ದು ಇಂದಿಗೂ ಲ್ಯಾಮಿಂಗ್ಟನ್ನಿನಲ್ಲಿ ನೂರರ ಲೆಕ್ಕದಲ್ಲಿ ಹೋಗುತ್ತಿದೆ. ಕಾಮೆನ್‌ಝಿಂಡ್ 2012ರಲ್ಲಿ ತೀರಿಕೊಂಡ. ಗೋಕುಲಾಷ್ಟಮಿಗೆ ವಿಟ್ಲಪಿಂಡಿಯ ಬಣ್ಣದ ಕಾಗದ ಕತ್ತರಿಸುವವರನ್ನು ಉಡುಪಿಯಲ್ಲಿ ನೋಡಿ ಬೆಳೆದವ ನಾನು. ಹಾಗೆ ಚೂರಿ ಹಿಡಿದು ಕತ್ತರಿಸಿದ ಒಂದು ಹಾಳೆ ಐವತ್ತು ವರ್ಷ ಲೋಕದ ಹೊತ್ತು ಅಳೆಯಿತು ಎಂದರೆ ಮೈ ಜುಮ್ಮೆನ್ನುತ್ತದೆ.

ಒಳಗಿನ ಊರು ಸಣ್ಣದು. ಇಪ್ಪತ್ತೈದರ ಆಸುಪಾಸಿನ ಟ್ರಾನ್ಸಿಸ್ಟರುಗಳು. 8ನೇ ಕಾಲಿನಿಂದ 1ನೇ ಕಾಲಿನ ತನಕ ಮೂರು ಸಮನಾದ ರೆಸಿಸ್ಟರುಗಳು ಏಣಿಯ ಮೆಟ್ಟಿಲಿನಂತೆ ನಿಂತಿವೆ, ತಲಾ 5 ಕಿಲೋಓಮ್. ಮೂರು ಐದು ಸೇರಿದ್ದಕ್ಕೇ 555 ಎಂದು ಎಲ್ಲರೂ ಹೇಳುತ್ತಾರೆ. ಹಾಗಲ್ಲ, ಕಂಪನಿಯ ಮಾರಾಟ ವಿಭಾಗದವ ಸುಮ್ಮನೆ ಇಟ್ಟ ಸಂಖ್ಯೆ ಎಂದು ಕಾಮೆನ್‌ಝಿಂಡನೇ ಹೇಳಿಹೋಗಿದ್ದಾನೆ. ಕತೆ ಚೆಂದ ಇದ್ದಾಗ ಕರ್ತೃವಿನ ಮಾತನ್ನು ಯಾರು ಕೇಳುತ್ತಾರೆ? ಇರಲಿ. ಬ್ಯಾಟರಿಯ ಒತ್ತಡ ಈ ಮೂರು ಮೆಟ್ಟಿಲಿನಲ್ಲಿ ಸರಿಯಾಗಿ ಮೂರು ಪಾಲಾಗುತ್ತದೆ. ಮೂರನೇ ಒಂದರ ಮೆಟ್ಟಿಲಲ್ಲಿ ಒಬ್ಬ, ಮೂರನೇ ಎರಡರ ಮೆಟ್ಟಿಲಲ್ಲಿ ಇನ್ನೊಬ್ಬ, ಇಬ್ಬರು ಟಿಸಿಗಳು ಕೂತಿದ್ದಾರೆ. ಇಂಗ್ಲಿಷಿನವರು ಕಂಪೇರೇಟರ್ ಎನ್ನುತ್ತಾರೆ. ಅವರ ಕೆಲಸ ಒಂದೇ: ಬಂದ ಒತ್ತಡ ತನ್ನ ಮೆಟ್ಟಿಲಿಗಿಂತ ಮೇಲೋ ಕೆಳಗೋ ಎಂದು ಕೂಗುವುದು. ಕೂಗು ಕೇಳಿ ಬಾಗಿಲ ಚಿಲಕವನ್ನು ಆಚೀಚೆ ಸರಿಸುವ ಫ್ಲಿಪ್‌ಫ್ಲಾಪ್ ಒಂದು. ಸರಿಸಿದ ಚಿಲಕ ಇನ್ನೊಂದು ಕೂಗು ಬರುವ ತನಕ ಅಲ್ಲಿಯೇ ಇರುತ್ತದೆ.

ಗುಂಡಿ ಒತ್ತಿದರೆ 2ನೇ ಕಾಲಿನ ಒತ್ತಡ ಮೂರನೇ ಒಂದಕ್ಕಿಂತ ಕೆಳಗೆ ಬೀಳುತ್ತದೆ. ಕೆಳಗಿನ ಟಿಸಿ ಕೂಗುತ್ತಾನೆ, ಚಿಲಕ ಸರಿಯುತ್ತದೆ, 3ನೇ ಕಾಲಿನ ಎಲ್‌ಇಡಿ ಹೊತ್ತಿಕೊಳ್ಳುತ್ತದೆ. ಅದೇ ಗಳಿಗೆಯಲ್ಲಿ ಕೆಪಾಸಿಟರು ಖಾಲಿ ಲೋಕಲಿನ ಹಾಗೆ ಕಲ್ಯಾಣದಿಂದ ಹೊರಡುತ್ತದೆ. ಪಾಟಿನ ಮೂಲಕ ಬ್ಯಾಟರಿಯ ಜನ ನುಗ್ಗುತ್ತಾರೆ: ಮೊದಲು ಧಾರಾಳ, ಆಮೇಲೆ ಒಳಗಿನವರ ಎದೆ ಅಡ್ಡ ಬಂದು ನಿಧಾನ, ಮತ್ತೂ ನಿಧಾನ. ಪಾಟ್ ಎಂದರೆ ಬಾಗಿಲಿನ ಅಗಲ. ಕೆಪಾಸಿಟರಿನ ಗಾತ್ರ ಎಂದರೆ ಗಾಡಿ 12 ಡಬ್ಬಿಯದೋ 15 ಡಬ್ಬಿಯದೋ ಎಂಬುದು. ಮೂರನೇ ಎರಡು ತುಂಬಿದ್ದೇ 6ನೇ ಕಾಲಿನಲ್ಲಿ ಕಾದಿದ್ದ ಮೇಲಿನ ಟಿಸಿ ಕೂಗುತ್ತಾನೆ. ಚಿಲಕ ಹಿಂದಕ್ಕೆ, ದೀಪ ಆರಿತು, 7ನೇ ಕಾಲಿನ ಬಾಗಿಲು ಪೂರ್ತಿ ತೆರೆದು ಕೆಪಾಸಿಟರಿನ ಜನವೆಲ್ಲ ಒಂದೇ ಉಸಿರಿಗೆ ಹೊರಗೆ. 7ನೇ ಕಾಲು ಎಂದರೆ ದಾದರು.

ಬ್ಯಾಟರಿ ಸಿಕ್ಕಿಸಿ ಮಗಳು ಗುಂಡಿ ಒತ್ತಿದಳು. ಹೊತ್ತಿಕೊಂಡಿತು. ಪಾಟನ್ನು ತಿರುಗಿಸಿ 100 ಕಿಲೋಓಮಿಗೆ ಇಟ್ಟಿದ್ದೆವು. ಕಾಗದದ ಲೆಕ್ಕ: ಓಮನ್ನೂ ಫ್ಯಾರಡನ್ನೂ ಗುಣಿಸಿದರೆ 10, ಅದಕ್ಕೆ 1.1ರ ಪಟ್ಟು, ಒಟ್ಟು 11 ಸೆಕೆಂಡು. ಮೊಬೈಲ್ ಹಿಡಿದು ಕಾದೆವು. ಹನ್ನೆರಡೂವರೆಗೆ ಆರಿತು. ಕೆಪಾಸಿಟರಿನ ಮೇಲೆ 100 ಎಂದು ಬರೆದಿದ್ದರೂ 20 ಪ್ರತಿಶತ ಆಚೀಚೆ ಇರಲು ಅದಕ್ಕೆ ಪರವಾನಗಿ ಇದೆ. ನಮ್ಮ ಲೆಕ್ಕದ ಪುಸ್ತಕದಲ್ಲಿ ಹಾಗಾದರೆ ಕೆಲಸ ಹೋಗುತ್ತದೆ. ಆದರೂ ಆ ಕೆಂಪು ಚುಕ್ಕಿ ತಾನಾಗಿ ಆರಿದ ಗಳಿಗೆಯಲ್ಲಿ ಅಪ್ಪ ಮಗಳು ಇಬ್ಬರೂ ಕೂಗಿದ್ದು ಕೆಳಗಿನ ಮನೆಗೆ ಕೇಳಿಸಿತಂತೆ.

ಸಾಯಂಕಾಲಕ್ಕೆ ವಿಚಿತ್ರ ಕಾದಿತ್ತು. ಪಾಟನ್ನು ಕೊನೆಯ ತನಕ ತಿರುಗಿಸಿ 1 ಮೆಗಾಓಮಿಗೆ ಇಟ್ಟೆವು. ಎರಡು ನಿಮಿಷದ ಹತ್ತಿರ ಬರಬೇಕು. ಕೆಪಾಸಿಟರು ತುಂಬುವುದನ್ನು ಕಣ್ಣಾರೆ ನೋಡುವ ಎಂದು ಹಳದಿ ಮಲ್ಟಿಮೀಟರಿನ ಎರಡು ಕಡ್ಡಿಗಳನ್ನು ಅದರ ಕಾಲುಗಳಿಗೆ ತಾಗಿಸಿ ಹಿಡಿದೆ. ಒಂದು ವೋಲ್ಟ್, ಎರಡು, ಮೂರು. ಮಗಳು ಸ್ಟೇಷನ್ ಹೆಸರು ಕೂಗಿದಂತೆ ಕೂಗುತ್ತಿದ್ದಳು. ನಾಲ್ಕು. ಆಮೇಲೆ ಅಂಕಿ ತೆವಳಿತು. 4.3. 4.4. 4.5ರ ಹೊಸ್ತಿಲಲ್ಲಿ ನಿಂತೇಬಿಟ್ಟಿತು. ಮೂರು ನಿಮಿಷ, ಐದು ನಿಮಿಷ, ದೀಪ ಆರಲಿಲ್ಲ. ಕೈ ಸೋತು ಕಡ್ಡಿ ತೆಗೆದೆ. ಸ್ವಲ್ಪ ಹೊತ್ತಿಗೆ ದೀಪ ತಾನಾಗಿ ಆರಿತು. ಮತ್ತೆ ಒತ್ತಿ, ಮತ್ತೆ ಕಡ್ಡಿ ಹಿಡಿದೆ. ಮತ್ತೆ 4.5ರಲ್ಲಿ ಧ್ಯಾನಕ್ಕೆ ಕೂತಿತು. ಕಡ್ಡಿ ತೆಗೆದರೆ ಮುಗಿಯುತ್ತದೆ, ಇಟ್ಟರೆ ಮುಗಿಯುವುದಿಲ್ಲ.

‘ನಾವು ನೋಡುವಾಗ ಅದಕ್ಕೆ ನಾಚಿಕೆ ಅಪ್ಪ’ ಎಂದಳು.

ರಾತ್ರಿ ಹಾಸಿಗೆಯಲ್ಲಿ ಹೊಳೆಯಿತು, ಅದೂ ನನ್ನ ಕಸುಬಿನ ದಾರಿಯಿಂದ. ಆ ಅಗ್ಗದ ಮೀಟರು ಬರೀ ನೋಡುವುದಿಲ್ಲ, ನೋಡುವುದಕ್ಕೆ ಸಂಬಳ ತೆಗೆದುಕೊಳ್ಳುತ್ತದೆ. ಅದರ ಹೊಟ್ಟೆಯೊಳಗಿನ ತಡೆ 1 ಮೆಗಾಓಮ್. ನಮ್ಮ ಪಾಟೂ 1 ಮೆಗಾಓಮ್. ಎಷ್ಟು ಅಗಲದ ಬಾಗಿಲಿಂದ ಜನ ಹತ್ತುತ್ತಾರೋ ಅಷ್ಟೇ ಅಗಲದ ಇನ್ನೊಂದು ಬಾಗಿಲನ್ನು ಆಚೆ ಬದಿಯಲ್ಲಿ ನಾನೇ ತೆರೆದಿಟ್ಟಿದ್ದೆ. 9ರಲ್ಲಿ ಅರ್ಧ 4.5. ಮೇಲಿನ ಟಿಸಿ ಕಾಯುತ್ತಿದ್ದದ್ದು 6ಕ್ಕೆ. ಅವನು ಜೀವಮಾನವಿಡೀ ಕಾದರೂ ಆ ಗಾಡಿ ಅಷ್ಟು ತುಂಬುವುದಿಲ್ಲ. ಲೆಕ್ಕ ಪರಿಶೋಧಕರ ಫೀಸು ಕಟ್ಟಿಯೇ ಲಾಭ ಮುಗಿದ ಕಂಪನಿಗಳನ್ನು ನಾನು ನೋಡಿಲ್ಲವೇ! ಎದ್ದು ದೀಪ ಹಾಕಿ ಇದನ್ನು ಕಾಗದದಲ್ಲಿ ಬರೆದೆ. ಹೆಂಡತಿ ಮಗ್ಗುಲಾಗಿ, ‘ನಾಳೆ 7.12 ಉಂಟಲ್ಲ ನಿಮಗೆ’ ಎಂದು ನೆನಪಿಸಿದಳು.

ಇಡ್ಲಿಯ ಹತ್ತು ನಿಮಿಷಕ್ಕೆ 100 ಮೈಕ್ರೋಫ್ಯಾರಡ್ ಸಾಲದು. ಅಟ್ಟದ ಹಳೆಯ ಟೇಪ್‌ರೆಕಾರ್ಡರಿನಿಂದ 470ರದ್ದೊಂದನ್ನು ಕಿತ್ತು ಹಾಕಿದೆವು. ಮೀಟರಿನ ಗೊಡವೆಗೆ ಹೋಗಲಿಲ್ಲ. ಆದರೂ ದೀಪ ಆರಲೇ ಇಲ್ಲ. ಅತ್ತ ಇಡ್ಲಿ ಕಲ್ಲಾಯಿತು. ಈಗ ಕಾರಣ ಹುಡುಕಲು ರಾತ್ರಿ ಬೇಕಾಗಲಿಲ್ಲ. ಇಂಥ ಕೆಪಾಸಿಟರಿನ ಒಳಗೆ ಅಲ್ಯುಮಿನಿಯಂ ಹಾಳೆಯ ಮೇಲೆ ಆಕ್ಸೈಡಿನ ತೆಳು ಪೊರೆ ಇದೆ, ವರ್ಷಗಟ್ಟಲೆ ಕೆಲಸವಿಲ್ಲದೆ ಬಿದ್ದರೆ ಅದು ಕೆಡುತ್ತದೆ, ಕರೆಂಟು ಸೋರುತ್ತದೆ. 6 ವೋಲ್ಟಿನ ಹತ್ತಿರ ಬರುವಾಗ ನಮ್ಮ ಪಾಟಿನಿಂದ ಒಳಗೆ ಬರುವುದು ಬರೀ 3 ಮೈಕ್ರೋಆಂಪಿಯರ್. ಸೋರಿಕೆ ಅಷ್ಟೇ ಆದರೆ ಮುಗಿಯಿತು ಕತೆ. ಹಳೆಯ ಕೆಪಾಸಿಟರು ಎಂದರೆ ತನ್ನ ಹೊಟ್ಟೆಯೊಳಗೇ ಒಂದು ಹಳದಿ ಮೀಟರನ್ನು ನುಂಗಿದ ಪ್ರಾಣಿ.

ಮುಂದಿನ ಶನಿವಾರ ನಾನೊಬ್ಬನೇ ಲ್ಯಾಮಿಂಗ್ಟನ್ನಿಗೆ ಹೋದೆ. ಅಂಗಡಿಯವ ನಕ್ಕು, ದೊಡ್ಡ ಗಾಡಿ ಕಟ್ಟಬೇಡಿ, ಸಣ್ಣ ಗಾಡಿಯನ್ನೇ ಹೆಚ್ಚು ಸಲ ಓಡಿಸಿ ಎಂಬ ಅರ್ಥದ ಮಾತು ಹೇಳಿ 4060 ಎಂಬ 16 ಕಾಲಿನ ಇನ್ನೊಂದು ಹುಳು ಕೊಟ್ಟ. ಅದು ತಾನೇ ತುಡಿಯುತ್ತದೆ, ತುಡಿತವನ್ನು ತಾನೇ ಎಣಿಸುತ್ತದೆ: ಎರಡಕ್ಕೊಂದು, ನಾಲ್ಕಕ್ಕೊಂದು, ಹೀಗೆ 14 ಮೆಟ್ಟಿಲು ಇಳಿದು ಕೊನೆಗೆ 16,384ಕ್ಕೊಂದು. ಸೆಕೆಂಡಿನ ಹದಿಮೂರನೇ ಒಂದು ಭಾಗದಷ್ಟು ಸಣ್ಣ ತುಡಿತವನ್ನು 8,192 ಸಲ ಎಣಿಸಿದರೆ ಕೊನೆಯ ಕಾಲು ಏಳುತ್ತದೆ, ಹತ್ತು ನಿಮಿಷದ ಆಸುಪಾಸು. ಅಷ್ಟು ಚಿಕ್ಕ ತುಡಿತಕ್ಕೆ ಸೋರದ ಪುಟ್ಟ ಕೆಪಾಸಿಟರೇ ಸಾಕು. ಇಡ್ಲಿಯ ಕೆಲಸ ಅದಕ್ಕೆ ಹೋಯಿತು. ಪ್ರದರ್ಶನಕ್ಕೂ ಅದನ್ನೇ ಒಯ್ದಳು. ಆದರೆ ನನ್ನ ಮನಸ್ಸು ಎಂಟು ಕಾಲಿನದರ ಹತ್ತಿರವೇ ಉಳಿದಿತ್ತು. 100 ಮೈಕ್ರೋಫ್ಯಾರಡನ್ನು ಮತ್ತೆ ಅದಕ್ಕೇ ಬೆಸೆದು ಕಿಟಕಿಯ ದಂಡೆಯ ಮೇಲಿಟ್ಟೆ. ಹೋಗುತ್ತಾ ಬರುತ್ತಾ ಒತ್ತುತ್ತಿದ್ದೆವು.

ಮಳೆ ಹಿಡಿದ ಮೇಲಿನ ಒಂದು ರಾತ್ರಿ. ಕೆಂಪು ದೀಪ ಕ್ಷೀಣವಾಗಿ, ಊದುಬತ್ತಿಯ ತುದಿಯಷ್ಟೇ ಬೆಳಕು ಕೊಡುತ್ತಿರುವುದನ್ನು ಮಗಳು ಗಮನಿಸಿದಳು. ಮೀಟರಿನಲ್ಲಿ ಬ್ಯಾಟರಿ ನೋಡಿದೆವು: 6.8. ‘ಈಗ ನಿಧಾನ ಆಗ್ತದಲ್ಲ ಅಪ್ಪ, ನೀನು ಹೇಳಿದ ಹಾಗೆ?’ ಹೊಸ ಬ್ಯಾಟರಿಯಲ್ಲಿ ಬಂದದ್ದು 127 ಸೆಕೆಂಡು, ಅವಳ ನೋಟ್‌ಬುಕ್ಕಿನಲ್ಲಿ ಇತ್ತು. ಒತ್ತಿದಳು. ನಾನು 150ರ ತನಕ ಕಾಯುವ ತಯಾರಿಯಲ್ಲಿ ಚಹಾದ ಲೋಟ ಹಿಡಿದು ಕೂತೆ.

126ಕ್ಕೆ ಆರಿತು.

ಬೆರಳು ತಪ್ಪಿರಬೇಕು ಎಂದೆ. ಮತ್ತೆ ಒತ್ತಿದಳು. 127. ಹೊಸ ಬ್ಯಾಟರಿ ಹಾಕಿದೆವು. 127. ಹಳತು. 126.

ಕಾಗದ ತೆಗೆದು ಕೂತೆ. ಬ್ಯಾಟರಿ ಸೋತರೆ ನುಗ್ಗುವ ಜನ ಕಡಿಮೆ, ಸರಿ. ಆದರೆ ಆ ಮೂರು ಮೆಟ್ಟಿಲಿನ ಏಣಿಯೂ ಅದೇ ಬ್ಯಾಟರಿಯ ಮೇಲೆ ನಿಂತದ್ದು. 9 ಇದ್ದಾಗ ಮೇಲಿನ ಟಿಸಿ 6ರಲ್ಲಿ ಕೂತಿದ್ದ, 6.8 ಆದಾಗ ತಾನೂ 4.5ರ ಹತ್ತಿರಕ್ಕೆ ಇಳಿದು ಕೂತ. ನುಗ್ಗುವ ಬಲ ಎಷ್ಟು ಪಾಲು ಕುಸಿಯಿತೋ ಮುಟ್ಟಬೇಕಾದ ಗುರುತೂ ಅಷ್ಟೇ ಪಾಲು ಕುಸಿಯಿತು. ಅವನು ಕೇಳುವುದು ಎಷ್ಟು ವೋಲ್ಟ್ ಎಂದಲ್ಲ, ಮೂರರಲ್ಲಿ ಎಷ್ಟು ಪಾಲು ಎಂದು. ಗುಣಿಸುವ ಆ 1.1 ಕೂಡ ಎಲ್ಲಿಂದಲೋ ಬಿದ್ದದ್ದಲ್ಲ. ಮೂರರ ಸಹಜ ಲಾಗರಿದಮ್ಮು, 1.0986. ಪೂರ್ತಿ ಲೆಕ್ಕ ಬರೆದರೆ ಎಡಕ್ಕೂ ಬಲಕ್ಕೂ ಬ್ಯಾಟರಿ ಬಂದು ಒಂದನ್ನೊಂದು ಹೊಡೆದು ಹಾಕುತ್ತದೆ. ಕೊನೆಗೆ ಉಳಿಯುವ ಸಾಲಿನಲ್ಲಿ ಓಮ್ ಇದೆ, ಫ್ಯಾರಡ್ ಇದೆ, ಮೂರು ಇದೆ. ಬ್ಯಾಟರಿ ಇಲ್ಲ. ಲೆಕ್ಕದವ ನಾನು, ಬೆಳಗಿನಿಂದ ಸಂಜೆಯ ತನಕ ಎರಡು ಬದಿ ಸರಿತೂಗಿಸುವವ. ಇಷ್ಟು ಚೊಕ್ಕವಾಗಿ ಸರಿತೂಗಿದ್ದನ್ನು ಎಂದೂ ಕಂಡಿರಲಿಲ್ಲ.

‘ವಿಕ್ರೋಳಿಯಲ್ಲಿ ಹೇಳಿದ್ದು ತಪ್ಪು ಮಗಾ’ ಎಂದೆ.

ಅವಳು ನೋಟ್‌ಬುಕ್ಕಿನಲ್ಲಿ ಏನೋ ಬರೆದುಕೊಳ್ಳುತ್ತಿದ್ದಳು. ‘ಇನ್ನೂ ಹಳೆ ಬ್ಯಾಟರಿ ಉಂಟಾ ಅಪ್ಪ? ಐದು ವೋಲ್ಟಿನದ್ದು?’ ಎಂದಳು. ಗೋಡೆ ಗಡಿಯಾರದ್ದು ಬೇಡ, ಅದು ಒಂದೂವರೆಯದು ಎಂದು ತಾನೇ ಹೇಳಿಕೊಂಡು ಹೊಗೆ ಎಚ್ಚರಿಕೆ ಡಬ್ಬಿಯ ಕಡೆ ಕಣ್ಣು ಹಾಯಿಸಿದಳು. ಹೊರಗೆ ಮಳೆಯಲ್ಲಿ ಕಸಾರಾ ಫಾಸ್ಟು ಠಾಕುರ್ಲಿಯನ್ನು ನೋಡದೆ ದಾಟಿತು. ಕಿಟಕಿಯ ದಂಡೆ ನಡುಗಿತು. ನಾನು ಕುರ್ಚಿ ಎಳೆದು ಅದರ ಮೇಲೆ ಹತ್ತಿದೆ.